ಗೆಳೆಯನಿಗೊಂದು ಪತ್ರ: ಅಪ್‌ಲೋಡ್ ಮಾಡುವ ಮುಂಚೆ

ಪ್ರೀತಿಯ ಗೆಳೆಯಾ,

ಕಾದಂಬರಿ ಮುಗಿಯಿತು, ಮುಂದಿನ ವಾರವೇ ಅಪ್‌ಲೋಡ್ ಮಾಡಿಬಿಡ್ತೀನಿ ಅಂತ ಬರೆದಿದ್ದೀಯ. ಖುಷಿಯಾಯಿತು ಕಣೋ. 'ಪುಸ್ತಕ ನೀನೇ ಹೊರತರುವವನು, ಏನಾದರೂ ನೇಮ ಅಂತ ಇಟ್ಟುಕೊಂಡಿದ್ದೀಯಾ?' ಅಂತಲೂ ಕೇಳಿದ್ದೀಯ. ಇಟ್ಟುಕೊಂಡಿದ್ದೇನೆ. ಹೆಚ್ಚಿನವು ಪೆಟ್ಟು ತಿಂದ ಮೇಲೆ ಹುಟ್ಟಿದವು.

ನನ್ನ ಮೊದಲ ಪುಸ್ತಕವನ್ನು ರಾತ್ರಿ ಒಂದೂವರೆಗೆ ಅಪ್‌ಲೋಡ್ ಮಾಡಿದೆ. ಕೊನೆಯ ವಾಕ್ಯ ಬರೆದು ಎರಡು ದಿನವೂ ಆಗಿರಲಿಲ್ಲ. ಹತ್ತು ದಿನಕ್ಕೆ ಓದುಗರೊಬ್ಬರ ಮೇಲ್ ಬಂತು: 'ಆರನೇ ಅಧ್ಯಾಯದವರೆಗೆ ಸರೋಜಮ್ಮ ಆಗಿದ್ದ ಅತ್ತೆ ಏಳರಿಂದ ಸಾವಿತ್ರಮ್ಮ ಹೇಗಾದರು ಸಾರ್?' ಹೆಸರು ಬದಲಿಸಿದವನೂ ನಾನೇ, ಅರ್ಧಕ್ಕೇ ಮರೆತವನೂ ನಾನೇ. ಕರಡು ತಿದ್ದುವವರೊಬ್ಬರು ಇದ್ದಿದ್ದರೆ ಮೊದಲ ಸುತ್ತಿನಲ್ಲೇ ಹಿಡಿಯುತ್ತಿದ್ದರು.

ತಕ್ಷಣ ಫೈಲ್ ತಿದ್ದಿ ಮತ್ತೆ ಏರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಅದೇ ಆಮೇಲೆ ಚುಚ್ಚತೊಡಗಿತು. ಮೊದಲು ಕೊಂಡವರ ಕೈಯಲ್ಲಿ ಇಬ್ಬರು ಅತ್ತೆಯರು ಹಾಗೇ ಇದ್ದಾರಲ್ಲ! ಅಚ್ಚಿನ ಪುಸ್ತಕದವರು ಕೊನೆಗೊಂದು ಒಪ್ಪೋಲೆಯನ್ನಾದರೂ, ಅಂದರೆ ತಪ್ಪು-ತಿದ್ದುಪಡಿಗಳ ಪಟ್ಟಿಯನ್ನಾದರೂ, ಅಂಟಿಸುತ್ತಿದ್ದರು. ಈಗ ನಾನು ಏನೇ ತಿದ್ದಿದರೂ ಮೊದಲ ಪುಟದ ಹಿಂದೆ ತಾರೀಕು ಹಾಕಿ ಬರೆಯುತ್ತೇನೆ.

ಇನ್ನೊಂದು, ಹಸ್ತಪ್ರತಿ ಮೂರು ತಿಂಗಳು ಕಣ್ಣಿಗೆ ಬೀಳದ ಹಾಗೆ ಇಡುತ್ತೇನೆ. ಆಮೇಲೆ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ. ಕಣ್ಣು ಬರೆಯಬೇಕೆಂದುಕೊಂಡದ್ದನ್ನು ಓದುತ್ತದೆ, ನಾಲಿಗೆ ಬರೆದದ್ದನ್ನೇ ಓದಬೇಕು. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಅಂತ ಗುರುತು ಹಾಕು. ಅದಾದ ಮೇಲೂ ದುಡ್ಡು ಕೊಟ್ಟು ಬೇರೆಯವರಿಂದ ಕರಡು ತಿದ್ದಿಸು. ಇದರಲ್ಲಿ ಜಿಪುಣತನ ಬೇಡ ಮಾರಾಯ, ಮುಖಪುಟದಲ್ಲಿ ಬೇಕಾದರೆ ಉಳಿಸು.

ಹೊಗಳಿಕೆಯ ವಿಷಯ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ಕವಿತೆಗಳನ್ನು ತಾನೇ ಪ್ರಕಟಿಸಿ, ಹೆಸರು ಹಾಕದೆ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದುಕೊಂಡ. ಆಗಿನ ಹೆಸರಾಂತ ಲೇಖಕ ಎಮರ್ಸನ್ ಮೆಚ್ಚಿ ಖಾಸಗಿಯಾಗಿ ಬರೆದ ಪತ್ರದ ಒಂದು ಸಾಲನ್ನು, ಒಂದು ಮಾತೂ ಕೇಳದೆ, ಮರುವರ್ಷದ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದಕ್ಷರದಲ್ಲಿ ಅಚ್ಚು ಹಾಕಿಸಿದ. ಮಹಾಕವಿಯೇ, ಆದರೂ ನನಗೆ ಇರುಸುಮುರುಸು. ಇವತ್ತು ಅದೇ ಚಾಳಿ 'ನೀನು ನನ್ನದಕ್ಕೆ ಐದು ಸ್ಟಾರ್ ಹಾಕು, ನಾನು ನಿನ್ನದಕ್ಕೆ' ಅಂತ ನಡೆದಿದೆ. ಅಹೋ ರೂಪಂ ಅಹೋ ಧ್ವನಿಃ! ನಿನ್ನ ಪುಸ್ತಕಕ್ಕೆ ನಾನು ಸ್ಟಾರ್ ಹಾಕುವುದಿಲ್ಲ, ಬೇಜಾರಾಗಬೇಡ. ನನ್ನದಕ್ಕೆ ನೀನೂ ಹಾಕಬೇಡ.

ಇ-ಪುಸ್ತಕ ಮಾರುವ ಅಮೆಜಾನ್ ಕಿಂಡಲ್‌ನವರು 2023ರ ಸೆಪ್ಟೆಂಬರಿನಲ್ಲಿ, ಎಐ ಬರೆದ ಪುಸ್ತಕಗಳ ಗಲಾಟೆಯ ನಡುವೆ, ಒಬ್ಬರು ದಿನಕ್ಕೆ ಮೂರೇ ಹೊಸ ಪುಸ್ತಕ ಏರಿಸಬಹುದು ಅಂತ ಮಿತಿ ಹಾಕಿದರು. ದಿನಕ್ಕೆ ಮೂರು! ನನಗೆ ಮೂರು ವರ್ಷಕ್ಕೆ ಒಂದಾದರೆ ಹೆಚ್ಚು. ನನ್ನದಲ್ಲದ ವಾಕ್ಯ ನನ್ನ ಹೆಸರಿನ ಕೆಳಗೆ ಹೋಗಬಾರದು, ಅಷ್ಟೇ.

ಮಾರಾಟದ ಲೆಕ್ಕ ತಿಂಗಳಿಗೊಮ್ಮೆ ಮಾತ್ರ ನೋಡುತ್ತೇನೆ. ಮೊದಲೆಲ್ಲ ಗಂಟೆಗೊಮ್ಮೆ ರಿಫ್ರೆಶ್ ಒತ್ತುತ್ತಿದ್ದೆ, ಆ ವರ್ಷ ಬರೆದದ್ದು ಸೊನ್ನೆ. ಅಮೆರಿಕದ ಲೇಖಕ ಥೋರೊ ತನ್ನ ಮೊದಲ ಪುಸ್ತಕದ ಸಾವಿರ ಪ್ರತಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ. 1853ರಲ್ಲಿ 706 ಪ್ರತಿ ವಾಪಸ್ ಬಂದವು. ಬೆನ್ನ ಮೇಲೆ ಹೊತ್ತು ಮಹಡಿಗೆ ಸಾಗಿಸಿದ. 'ನನ್ನ ಗ್ರಂಥಾಲಯದಲ್ಲೀಗ ಹೆಚ್ಚುಕಡಿಮೆ ಒಂಬೈನೂರು ಪುಸ್ತಕಗಳಿವೆ, ಅದರಲ್ಲಿ ಏಳುನೂರಕ್ಕೂ ಹೆಚ್ಚು ನಾನೇ ಬರೆದವು' ಅಂತ ದಿನಚರಿಯಲ್ಲಿ ಬರೆದುಕೊಂಡ. ಆ ರಾಶಿಯ ಪಕ್ಕದಲ್ಲೇ ಕೂತು, ಅದೇ ರಾತ್ರಿ. ಈಗ ಬೇಡಿಕೆ ಬಂದಷ್ಟೇ ಅಚ್ಚಾಗುವುದರಿಂದ ನಮಗೆ ಹೊರುವ ಕಷ್ಟವಿಲ್ಲ, ಪರದೆಯ ಮೇಲಿನ ಸೊನ್ನೆಯನ್ನು ನೋಡುತ್ತಾ ಕೂರುವ ಕಷ್ಟ ಮಾತ್ರ.

ನೀನು ಕಳಿಸಿದ ಮೊದಲ ಅಧ್ಯಾಯ ನಿನ್ನೆ ಗಟ್ಟಿಯಾಗಿ ಓದಿದೆ. ಚೆನ್ನಾಗಿದೆ. ಆದರೆ ಮೂರನೇ ಪುಟದಲ್ಲಿ ಅವಳು ಬಾಗಿಲು ಎರಡು ಸಲ ಹಾಕುತ್ತಾಳೆ. ನಡುವೆ ತೆಗೆದವರು ಯಾರು, ಸ್ವಲ್ಪ ನೋಡು.

ನಿನ್ನವನೇ