ಹಳೇ ಸಾಮಾನು ಒಯ್ಯುವ ರೀತಿ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮನೆ ಖಾಲಿ ಮಾಡಿದ ಮೇಲೆ ಉಳಿಯುವ ಮಂಚ, ಕಪಾಟು, ಸೋಫಾಗಳನ್ನೆಲ್ಲ ಒಂದೇ ದಿನದಲ್ಲಿ, ಒಂದೇ ರೇಟಿಗೆ ಎತ್ತಿಕೊಂಡು ಹೋಗುವುದು ಇಷ್ಟು ವರ್ಷ ನಮ್ಮ ಕ್ರಮವಾಗಿತ್ತು. ಬರುವ ಜೂನ್ 1ರಿಂದ ಹಾಗೆ ಮಾಡುವುದಿಲ್ಲ. ಮೊದಲು ಮನೆಗೆ ಬಂದು ನೋಡುತ್ತೇವೆ. ಯಾವ ಸಾಮಾನು ಎಲ್ಲಿಗೆ ಹೋಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಆಮೇಲೆ ಟೆಂಪೊ ತರುತ್ತೇವೆ. ಇದಕ್ಕೆ ನಾಲ್ಕೈದು ದಿನ ಜಾಸ್ತಿ ಹಿಡಿಯುತ್ತದೆ. ಕೆಲವು ಸಾಮಾನಿಗೆ ನಿಮ್ಮ ಕೈಗೆ ದುಡ್ಡು ಬರುತ್ತದೆ, ಕೆಲವಕ್ಕೆ ನೀವೇ ಕೊಡಬೇಕಾಗುತ್ತದೆ.

ಯಾಕೆ ಹೀಗೆ ಅಂತ ನಿಮಗೆ ಹೇಳಲೇಬೇಕು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಇಲ್ಲಿ ಮುಂಬಯಿಯ ಕುರ್ಲಾ ಹತ್ತಿರ ನಾಲಾದ, ಅಂದರೆ ಮಳೆನೀರು ಹರಿಯುವ ದೊಡ್ಡ ಚರಂಡಿಯ, ಹೂಳೆತ್ತುತ್ತಿದ್ದರು. ಕೆಲಸಕ್ಕೆ ಬರುತ್ತಿದ್ದ ನಮ್ಮ ಹುಡುಗ ದಂಡೆ ಮೇಲೆ ಎಳೆದು ಹಾಕಿದ್ದ ಒಂದು ಸೋಫಾ ನೋಡಿ ನಿಂತುಬಿಟ್ಟ. ಬಟ್ಟೆ ಕೊಳೆತು ಕಪ್ಪಾಗಿತ್ತು. ಆದರೆ ಹಿಂಬದಿಯ ಹಲಗೆ ಮೇಲೆ ಮಾರ್ಕರಿನಲ್ಲಿ ಬರೆದ ಮನೆ ನಂಬರು ಹಾಗೇ ಇತ್ತು. ಅದು ಅವನದೇ ಕೈಬರಹ. ಸಾಯನ್ನಿನ ಒಂದು ಮನೆಯಿಂದ ಇಳಿಸಿದ ಸೋಫಾ ಅದು. ಸರಿಯಾಗಿ ವಿಲೇವಾರಿ ಮಾಡುತ್ತೇನೆ ಅಂದ ಒಬ್ಬ ಗುತ್ತಿಗೆದಾರನಿಗೆ ಪೂರ್ತಿ ದುಡ್ಡು ಕೊಟ್ಟು ಒಪ್ಪಿಸಿದ್ದೆವು. ಅವನು ಅದನ್ನು ನಾಲಾಕ್ಕೆ ಇಳಿಸಿದ್ದ.

2005ರ ಜುಲೈ 26 ನಿಮಗೂ ನೆನಪಿರುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ಮೀಠಿ ನದಿ ಉಕ್ಕಿ ಮನೆಗಳಿಗೆ ನುಗ್ಗಿದ್ದು. ನಮ್ಮಲ್ಲಿ ಇಬ್ಬರ ಮನೆ ಕುರ್ಲಾದಲ್ಲೇ ಇದೆ. ಅವತ್ತು ರಾತ್ರಿ ಮಕ್ಕಳನ್ನು ಅಟ್ಟದ ಮೇಲೆ ಕೂರಿಸಿ ಎದೆಮಟ್ಟದ ನೀರಿನಲ್ಲಿ ನಿಂತವರು ಅವರು. ನೀರು ಹರಿಯುವ ದಾರಿಗೆ ನಾವು ಇಳಿಸಿದ ಸೋಫಾವೇ ಅಡ್ಡ ಬಿದ್ದಿತ್ತು ಅಂದರೆ ನಮಗೆ ಹೇಗಾಗಿರಬೇಡ? ಆ ಗುತ್ತಿಗೆದಾರನ ಜೊತೆ ವ್ಯವಹಾರ ಬಿಟ್ಟೆವು. ಆದರೆ ವಿಚಾರಿಸದೆ ಕೊಟ್ಟ ತಪ್ಪು ನಮ್ಮದು.

ಅದೇ ತಿಂಗಳು ಮಾಟುಂಗಾದಲ್ಲಿ ಒಬ್ಬರು ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತು, "ನನ್ನ ಮಂಚ ಎಲ್ಲಿಗೆ ಹೋಗ್ತದೆ ಮಗಾ?" ಅಂತ ಕೇಳಿದರು. ಮದುವೆಯಾದ ವರ್ಷ ಮಾಡಿಸಿದ ಮಂಚ ಅದು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಉತ್ತರ ಇದೆ. ತೇಗ, ಬೀಟೆ, ಹಲಸಿನ ಮರದ ಹಳೇ ಸಾಮಾನಿಗೆ ಇವತ್ತಿಗೂ ಬೆಲೆ ಇದೆ. ಡ್ರಾಯರ್ ಹೊರಗೆ ಎಳೆದು ಮೂಲೆ ನೋಡಿ. ಮೊಳೆ ಇಲ್ಲದೆ ಹಲ್ಲಿಗೆ ಹಲ್ಲು ಕೂರಿಸಿ ಜೋಡಿಸಿದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ. ಇಂಥವನ್ನು ಜೋಗೇಶ್ವರಿಯ ಓಶಿವರಾ ಫರ್ನಿಚರ್ ಬಜಾರಿಗೆ ಒಯ್ಯುತ್ತೇವೆ. ಅಲ್ಲಿಯ ಬಡಗಿಗಳು ಹಳೇ ಪಾಲಿಶ್ ಉಜ್ಜಿ ತೆಗೆದು, ಸಡಿಲಾದ ಕಾಲು ಗಟ್ಟಿ ಮಾಡಿ ಮಾರುತ್ತಾರೆ. ಬಂದ ದುಡ್ಡಿನ ರಸೀದಿ ನಿಮಗೆ ತೋರಿಸಿ, ಸಾಗಾಟದ ಖರ್ಚು ಮಾತ್ರ ಹಿಡಿದುಕೊಂಡು ಉಳಿದದ್ದು ನಿಮಗೇ ಕೊಡುತ್ತೇವೆ. ಅಜ್ಜಿಯ ಮಂಚದಂಥದಕ್ಕೆ ಇನ್ನೂ ಐವತ್ತು ವರ್ಷ ಆಯುಷ್ಯ ಇರುತ್ತದೆ.

ಕಬ್ಬಿಣದ ಕಪಾಟು ಗಟ್ಟಿಯಿದ್ದರೆ ಹೊಸದಾಗಿ ಸಂಸಾರ ಹೂಡುವವರು ಕೇಳಿ ಒಯ್ಯುತ್ತಾರೆ. ತುಕ್ಕು ಹಿಡಿದಿದ್ದರೆ ತೂಕಕ್ಕೆ ಹೋಗುತ್ತದೆ. ಒಂದು ಮಾತು. ಒಮ್ಮೆ ಹೀಗೆ ತಂದ ಕಪಾಟಿನ ಲಾಕರಿನಲ್ಲಿ, ಡ್ರಾಯರಿನ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ಜೊತೆ ಬೆಳ್ಳಿ ಕಾಲುಗೆಜ್ಜೆ ಸಿಕ್ಕಿತು. ಮಗುವಿನದು. ಅದೇ ದಿನ ಮನೆಯವರಿಗೆ ಮುಟ್ಟಿಸಿದೆವು. ಅವರಿಗೆ ಅದು ಇದ್ದದ್ದೇ ಗೊತ್ತಿರಲಿಲ್ಲ. ಇನ್ನು ಮುಂದೆ ಎಲ್ಲ ಲಾಕರು, ಡ್ರಾಯರುಗಳನ್ನು ನಿಮ್ಮ ಎದುರೇ ತೆಗೆದು ತೋರಿಸಿ ಆಮೇಲೆ ಎತ್ತುತ್ತೇವೆ. ದಯವಿಟ್ಟು ಕೀಲಿ ಹುಡುಕಿಟ್ಟಿರಿ.

ಕಷ್ಟ ಇರುವುದು ಪಾರ್ಟಿಕಲ್ ಬೋರ್ಡಿನದು. ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಮುಂಬಯಿ ಮಳೆಯ ತೇವಕ್ಕೆ ಉಬ್ಬುತ್ತದೆ. ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಕಚ್ಚುವುದಿಲ್ಲ. ಕೊಳ್ಳುವವರಿಲ್ಲ, ಸೌದೆಗೂ ಆಗದು, ಅಂಟಿನ ಹೊಗೆ ಕೆಟ್ಟದ್ದು. ಫೋಮ್ ಸೋಫಾ, ಫೋಮ್ ಹಾಸಿಗೆಯ ಪಾಡೂ ಇದೇ. ಸುಟ್ಟರೆ ಇಂಗಾಲದ ಮಾನಾಕ್ಸೈಡ್, ಸಯನೈಡ್ ವಿಷದ ಹೊಗೆ ಏಳುತ್ತದೆ. ಅದಕ್ಕೇ ನಾವೇ ಸೋಫಾ ಬಿಚ್ಚಿ, ಮರ ಬೇರೆ, ಸ್ಪ್ರಿಂಗು ಬೇರೆ, ಚೊಕ್ಕ ಫೋಮ್ ಬೇರೆ ಮಾಡುತ್ತೇವೆ. ಕೊನೆಗೆ ಉಳಿದದ್ದನ್ನು ಮಾತ್ರ ಮಹಾನಗರಪಾಲಿಕೆಯ ಕಸಕ್ಕೆ ಒಪ್ಪಿಸುತ್ತೇವೆ. ಒಂದು ಸೋಫಾಕ್ಕೆ ಇಬ್ಬರಿಗೆ ಅರ್ಧ ದಿನದ ಕೆಲಸ. ನಿಮ್ಮಿಂದ ದುಡ್ಡು ಕೇಳುವುದು ಇದಕ್ಕೇ. ಎಷ್ಟು ಅಂತ ಚೀಟಿಯಲ್ಲೇ ಇರುತ್ತದೆ, ಆಮೇಲೆ ಒಂದು ರೂಪಾಯಿಯೂ ಏರಿಸುವುದಿಲ್ಲ. ಹತ್ತಿಯ ಹಾಸಿಗೆಗೆ ಏನೂ ಕೊಡಬೇಕಿಲ್ಲ. ಹತ್ತಿಯನ್ನು ಮತ್ತೆ ಹಿಂಜಿ ಹೊಸ ಹಾಸಿಗೆ ಮಾಡುವವರಿದ್ದಾರೆ.

ತಿಗಣೆ ಇದ್ದರೆ ಮುಚ್ಚಿಡಬೇಡಿ. ನಾಚಿಕೆಪಡುವ ವಿಷಯ ಅಲ್ಲ ಅದು, ಎಷ್ಟು ಶುಚಿಯಾದ ಮನೆಗೂ ಬರುತ್ತದೆ. ಮೊದಲೇ ಹೇಳಿದರೆ ಪ್ಲಾಸ್ಟಿಕ್ ಸುತ್ತಿ ಬೇರೆಯಾಗಿ ಒಯ್ಯುತ್ತೇವೆ. ಹೇಳದಿದ್ದರೆ ಅದೇ ಟೆಂಪೊದಿಂದ ಇನ್ನೊಬ್ಬರ ಮನೆ ಸೇರುತ್ತದೆ, ಅಲ್ವಾ?

ಫ್ರಿಜ್, ಟಿವಿ, ವಾಷಿಂಗ್ ಮಷಿನ್ ಇ-ತ್ಯಾಜ್ಯ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಇವು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ತಾಮ್ರಕ್ಕಾಗಿ ರಸ್ತೆ ಬದಿ ಒಡೆಯುವವರಿಗೆ ನಾವು ಕೊಡುವುದಿಲ್ಲ.

ಗಿರ್ಗಾಂವ್‌ನ ಚಾಳುಗಳಲ್ಲಿ (ಹಳೇ ವಠಾರಗಳಲ್ಲಿ) ಇರುವವರಿಗೆ: ನಿಮ್ಮ ಮೆಟ್ಟಿಲಿನ ತಿರುವಿನಲ್ಲಿ ದೊಡ್ಡ ಕಪಾಟು ಹೊರಳುವುದಿಲ್ಲ ಅಂತ ನಮಗೆ ಗೊತ್ತು. ಮೊದಲಿನ ಹಾಗೇ ಗ್ಯಾಲರಿಯಿಂದ ಹಗ್ಗದಲ್ಲಿ ಇಳಿಸುತ್ತೇವೆ, ಮೇಲೆ ಮೂವರು, ಕೆಳಗೆ ಇಬ್ಬರು. ಇದಕ್ಕೆ ಬೇರೆ ಚಾರ್ಜ್ ಇಲ್ಲ. ಸೊಸೈಟಿಯ ಫ್ಲ್ಯಾಟಿನವರು ಮಾತ್ರ ಕಮಿಟಿಯ ಪರವಾನಗಿ ಚೀಟಿ, ಲಿಫ್ಟ್ ಬಳಸುವ ಹೊತ್ತು ಎರಡನ್ನೂ ಮೊದಲೇ ಕೇಳಿಟ್ಟರೆ ಒಳ್ಳೆಯದು. ಗೇಟಿನಲ್ಲಿ ಎರಡು ಗಂಟೆ ನಿಂತ ದಿನಗಳು ನಮಗೆ ಬೇಕಾದಷ್ಟಿವೆ.

ಮನೆ ಬಿಡುವ ತಾರೀಕಿಗೆ ಹತ್ತು ದಿನ ಮುಂಚೆ ಫೋನ್ ಮಾಡಿ. ರಿಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಹೋಗುವ ಕಟ್ಟಡವಾದರೆ ಇನ್ನೂ ಬೇಗ, ಯಾಕೆಂದರೆ ಅಲ್ಲಿ ಎಲ್ಲರೂ ಒಂದೇ ವಾರ ಖಾಲಿ ಮಾಡುತ್ತಾರೆ. ಬಂದು ನೋಡುವುದಕ್ಕೆ ಹಣ ಇಲ್ಲ. ಜೂನ್ 1ಕ್ಕೆ ಮುಂಚೆ ಬುಕ್ ಮಾಡಿದವರಿಗೆ ಹಳೇ ರೇಟೇ ಇರುತ್ತದೆ, ಆದರೆ ಎಲ್ಲಿಗೆ ಹೋಯಿತು ಅನ್ನುವ ಚೀಟಿ ಅವರಿಗೂ ಸಿಗುತ್ತದೆ.

ನಿಮ್ಮ ವಿಶ್ವಾಸದ,
ಸಾಮಾನು ಸಾಗಿಸುವ ನಿಮ್ಮ ಬಳಗದ ಒಂಬತ್ತು ಜನ
ಮುಂಬಯಿ