ಮಗಳಿಗೊಂದು ಪತ್ರ: ಮೊದಲ 12 ಗಂಟೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನನ್ನ ದನಿ ಜೋರಾಯಿತು, ನೀನು ಫೋನ್ ಇಟ್ಟೆ. ಬಸುರಿ ಹುಡುಗಿಗೆ ಬೇಜಾರು ಮಾಡಿದೆ ಅಂತ ಅಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಕ್ಷಮಿಸು ಮಗಳೇ. ಆದರೆ ಹೆರಿಗೆ ಶಿವಮೊಗ್ಗದಲ್ಲೇ ಆಗಬೇಕು ಅಂತ ಹೇಳಿದ ವಿಷಯವನ್ನು ಬಿಡಲಾರೆ.

"ಹೆರಿಗೆ ಇಲ್ಲೇ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಆಗಲಿ ಅಪ್ಪಯ್ಯ, ಹಳೇ ಕಥೆ ಯಾಕೆ ಕೆದಕಬೇಕು, ಅತ್ತೆಯವರು ಏನಂದುಕೊಳ್ತಾರೋ" ಅಂದೆ. ನಿನ್ನ ಚಿಕ್ಕಂದಿನ ಕಿಡ್ನಿ ಕಾಯಿಲೆ, ಅದರ ಹಿಂದಿದ್ದ ಹೆಪಟೈಟಿಸ್ ಬಿ ವೈರಸ್, ಇವೆಲ್ಲ ಹಳೇ ಕಥೆ ಅಂತ ನಿನಗೆ ಅನ್ನಿಸುವುದು ಸಹಜ. ಮುಖದ ಊತ, ಮಣಿಪಾಲದ ವಾರ್ಡು, ಆಗುಂಬೆ ಘಾಟಿಯ ಬಸ್ಸು, ಇವೆಲ್ಲ ನಿನಗೂ ನೆನಪಿದೆ, ಬಿಡು. ನೀನು ನೋಡದೇ ಇದ್ದದ್ದು ಬಚ್ಚಲುಮನೆಯದ್ದು.

ಬೆಳಿಗ್ಗೆ ಎದ್ದು ಉಚ್ಚೆಯನ್ನು ಬಾಟಲಿಗೆ ಹಿಡಿದುಕೊಟ್ಟು ನೀನು ಮತ್ತೆ ಮಲಗುತ್ತಿದ್ದೆ. ನಾನು ಬಚ್ಚಲ ಒಲೆಯ ಪಕ್ಕ ಸ್ಪಿರಿಟ್ ದೀಪ ಹಚ್ಚಿ ಕೂರುತ್ತಿದ್ದೆ. ಟೆಸ್ಟ್ ಟ್ಯೂಬಿಗೆ ಮುಕ್ಕಾಲು ಭಾಗ ಹಾಕಿ, ಮೇಲಿನದನ್ನು ಮಾತ್ರ ಕಾಯಿಸಬೇಕು. ಕೆಳಗಿನದು ತಿಳಿಯಾಗಿಯೇ ಇರುತ್ತದೆ, ಹೋಲಿಸಿ ನೋಡಲಿಕ್ಕೆ. ಮೇಲೆ ಬಿಳಿ ಕಟ್ಟಿದರೆ ಎರಡು ಮೂರು ಹನಿ ಆಸಿಡ್ ಬಿಡಬೇಕು. ಕರಗಿದರೆ ಏನೂ ಇಲ್ಲ. ಕರಗದೆ ಉಳಿದರೆ ಅದು ಪ್ರೋಟೀನ್. ನಿನ್ನದು ಉಳಿಯುತ್ತಿತ್ತು. ಒಡೆದ ಹಾಲಿನ ಹಾಗೆ ಗರಣೆಗರಣೆಯಾಗಿ ನಿಲ್ಲುತ್ತಿತ್ತು. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ನಾಲ್ಕು ಪ್ಲಸ್, ಅಂದರೆ ಅತಿ ಹೆಚ್ಚು, ಅಂತ ಬರೆಯುತ್ತಿದ್ದೆ. ನಿನ್ನ ಮೈಯಲ್ಲಿ ಇರಬೇಕಾದದ್ದು ದಿನಾ ಹೀಗೆ ಹೊರಗೆ ಹೋಗುತ್ತಿದೆಯಲ್ಲ ಅಂತ ಹೊಟ್ಟೆಯಲ್ಲಿ ಸಂಕಟ.

ಕಿಡ್ನಿಯಿಂದ ಹೀಗೆ ಪ್ರೋಟೀನ್ ಸೋರಿ ಮೈ ಊದುವುದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಅನ್ನುತ್ತಾರೆ. ಮಕ್ಕಳಲ್ಲಿ ಅದು ಬಹಳಷ್ಟು ಸಲ ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ. ನಿನ್ನದು ಬಗ್ಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಬಯಾಪ್ಸಿ ಅಂತ ಕಿಡ್ನಿಯ ಸಣ್ಣ ಚೂರು ತೆಗೆದು ನೋಡಿದ ಮೇಲೆ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು: ಇದರ ಮೂಲ ಹೆಪಟೈಟಿಸ್ ಬಿ. ನನಗೆ ಅರ್ಥವೇ ಆಗಲಿಲ್ಲ. ಅದು ಲಿವರಿನ ಕಾಯಿಲೆ ಅಲ್ವಾ, ಕಿಡ್ನಿಗೂ ಅದಕ್ಕೂ ಏನು ಸಂಬಂಧ ಅಂದೆ. ಅವರು ಬಿಡಿಸಿ ಹೇಳಿದರು: ವೈರಸ್ ಇರುವುದು ಲಿವರಿನಲ್ಲೇ. ಆದರೆ ಅದರ ಚೂರುಗಳು ರಕ್ತಕ್ಕೆ ಬರುತ್ತವೆ, ದೇಹ ಅವುಗಳ ಮೇಲೆ ಪ್ರತಿಕಾಯ ಬಿಡುತ್ತದೆ. ಎರಡೂ ಅಂಟಿಕೊಂಡ ಗಂಟುಗಳು ಕಿಡ್ನಿಯ ಸೋಸುವ ಪೊರೆಯಲ್ಲಿ ಕೂತುಬಿಡುತ್ತವೆ. ಪೊರೆ ಕೆಡುತ್ತದೆ, ಪ್ರೋಟೀನ್ ಸೋರುತ್ತದೆ, ಮೈ ಊದುತ್ತದೆ. ಈ ಬಗೆಯ ಕಿಡ್ನಿ ಕಾಯಿಲೆಗೆ ಮೆಂಬ್ರೇನಸ್ ಅಂತ ಹೆಸರು. ಸ್ಟೀರಾಯ್ಡ್ ಕೊಡುತ್ತಾ ಹೋದರೆ ವೈರಸ್ಸಿಗೇ ಬಲ ಬರುತ್ತದೆ ಅಂತ ಅದನ್ನು ನಿಲ್ಲಿಸಿದರು.

ನಮ್ಮ ಕಡೆ ಕಾಮಾಲೆ ಅಂದರೆ ನಾಟಿ ಔಷಧಿ, ಪಥ್ಯ. ಆದರೆ ಅಮ್ಮನ ಕಣ್ಣು ಒಂದು ದಿನವೂ ಹಳದಿಯಾದದ್ದಿಲ್ಲ. ಅವಳಲ್ಲಿ ವೈರಸ್ ಇರುವುದು ನಿನ್ನ ರಿಪೋರ್ಟ್ ಬಂದ ಮೇಲೆ ಗೊತ್ತಾಯಿತು. ಹುಟ್ಟುವಾಗ ಅಮ್ಮನಿಂದ ಹತ್ತಿದರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಮೈಯಲ್ಲೇ ಉಳಿಯುತ್ತದೆ. ನೀನು ಹುಟ್ಟಿದಾಗ ಹೆಪಟೈಟಿಸ್ ಬಿ ಲಸಿಕೆ ಸರ್ಕಾರದ ಪಟ್ಟಿಯಲ್ಲೇ ಇರಲಿಲ್ಲ, ದೇಶಕ್ಕೆಲ್ಲ ಬಂದದ್ದು 2011ರಲ್ಲಿ. ತೈವಾನಿನಲ್ಲಿ 1984ರಲ್ಲೇ ಶುರು ಮಾಡಿದರು. ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಇಳಿಯಿತು, ನಿನಗೆ ಬಂದಂಥ ಕಿಡ್ನಿ ಕಾಯಿಲೆಯೂ ಇಳಿಯಿತು. ಅದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ನಿನ್ನ ಪುಣ್ಯ, ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುವುದು ಜಾಸ್ತಿ. ವೈರಸ್ ಜೋರಾಗಿ ಬೆಳೆಯುತ್ತಿದ್ದರೆ ರಕ್ತದಲ್ಲಿ ಕಾಣುವ ಇ ಆಂಟಿಜೆನ್ ನೆಗೆಟಿವ್ ಆಯಿತು, ಸೋರುವುದು ನಿಂತಿತು. ಟ್ಯೂಬಿನ ಮೇಲೂ ಕೆಳಗೂ ಒಂದೇ ತಿಳಿ ಕಂಡ ಬೆಳಿಗ್ಗೆ ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ಟ್ಯೂಬ್ ತೊಳೆದು ಮತ್ತೆ ಕಾಯಿಸಿದೆ. ಮರುದಿನವೂ ಕಾಯಿಸಿದೆ. ಕಿಡ್ನಿ ಉಳಿಯಿತು. ವೈರಸ್ ಮಾತ್ರ ನಿನ್ನಲ್ಲೇ ಉಳಿಯಿತು.

ಅದಕ್ಕೇ ಈ ಕೂಗಾಟ. ಮಗು ಹುಟ್ಟಿದ 12 ಗಂಟೆಯೊಳಗೆ ಅದರ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಈ ವೈರಸ್ಸಿನ ವಿರುದ್ಧದ ಸಿದ್ಧ ಪ್ರತಿಕಾಯ, ಬೀಳಬೇಕು. ಎರಡೂ ಬೇಕು. ಆಮೇಲೆ 6, 10, 14ನೇ ವಾರದ ಚುಚ್ಚುಮದ್ದು ತಪ್ಪಬಾರದು. ವರ್ಷ ತುಂಬುವ ಹೊತ್ತಿಗೆ ಒಂದು ರಕ್ತ ಪರೀಕ್ಷೆ. ಲಸಿಕೆ ಬಿದ್ದ ಮೇಲೆ ಹಾಲು ಕೊಡಬಹುದು, ಅದಕ್ಕೆ ಹೆದರಬೇಡ. ಇದಕ್ಕೋಸ್ಕರ ಸಿಸೇರಿಯನ್ನೂ ಬೇಡ.

ನಿನ್ನ ದಿನ ಬೀಳುವುದು ಪುನರ್ವಸು ಮಳೆಯ ಹೊತ್ತಿಗೆ. ಹೊಸನಗರದ ಕಡೆ ಆಗ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? ರಸ್ತೆಗೆ ಮರ ಬಿದ್ದರೆ, ಕರೆಂಟ್ ಹೋದರೆ ಯಾವಾಗ ಸರಿಯಾಗುತ್ತದೋ ಹೇಳಲಿಕ್ಕಾಗದು. ಇಮ್ಯುನೋಗ್ಲಾಬ್ಯುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ. ಆ ನರ್ಸಿಂಗ್ ಹೋಮಿನಲ್ಲಿ ಅದು ಇದೆಯಾ ಅಂತ ನೀನು ಕೇಳಿಲ್ಲ. ಕೇಳಬೇಕಾದರೆ ಕಾಯಿಲೆ ಹೇಳಬೇಕು ಅಂತ ತಾನೇ?

ಇನ್ನೊಂದು. ಈ ವಾರವೇ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ, ಮಾಡಿಸು. ಮಿಲಿಲೀಟರಿಗೆ ಎರಡು ಲಕ್ಷ ಯೂನಿಟ್ಟಿಗಿಂತ ಜಾಸ್ತಿ ಇದ್ದರೆ ಏಳನೇ ತಿಂಗಳಿಂದ, ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ, ನಿನಗೀಗ ಏಳು. ಆ ಮಾತ್ರೆ ಕಿಡ್ನಿಯ ಮೇಲೂ ಕಣ್ಣಿಡಬೇಕಾದಂಥದ್ದು. ಹಾಗಾಗಿ ಡಾಕ್ಟರಿಗೆ ನಿನ್ನ ಚಿಕ್ಕಂದಿನ ಬಯಾಪ್ಸಿ ಕಾಗದ ತೋರಿಸಲೇಬೇಕು. ಬಿಪಿ, ಉಚ್ಚೆಯ ಆಲ್ಬುಮಿನ್ (ಸೋರುವ ಪ್ರೋಟೀನ್ ಅದೇ), ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್, ಮೂರನ್ನೂ ಕೇಳಿ ಮಾಡಿಸಿಕೋ. ಬೆಳಿಗ್ಗೆ ಎದ್ದಾಗ ರೆಪ್ಪೆ ಊದಿದೆಯಾ ಅಂತ ಕನ್ನಡಿ ನೋಡಿಕೋ. ಪಾಠ ಶುರುವಾಯ್ತು ಅಂತ ಅನ್ನಿಸುತ್ತಿರಬಹುದು. ಅನ್ನಿಸಲಿ.

ಮದುವೆಗೆ ಮುಂಚೆ ಹುಡುಗನನ್ನು ಕೂರಿಸಿಕೊಂಡು ನೀನೇ ಎಲ್ಲ ಹೇಳಿದೆ, ಪರೀಕ್ಷೆ ಮಾಡಿಸಿದೆ, ಮೂರು ಡೋಸ್ ಲಸಿಕೆ ಹಾಕಿಸಿದೆ. ನಾನಿದ್ದಿದ್ದರೆ ಅಷ್ಟು ನೆಟ್ಟಗೆ ಹೇಳಲಿಕ್ಕೆ ಆಗುತ್ತಿರಲಿಲ್ಲ. ನನ್ನ ಮಗಳು ಅಂತ ಎದೆಯುಬ್ಬಿತ್ತು. ಆ ಧೈರ್ಯ ಅತ್ತೆಯವರ ಮುಂದೆ ಯಾಕೆ ಕುಗ್ಗಬೇಕು? ಒಂದೇ ತಟ್ಟೆಯಲ್ಲಿ ಉಂಡರೆ, ಲೋಟ ಮುಟ್ಟಿದರೆ ಇದು ಹರಡುವುದಿಲ್ಲ. ಅಷ್ಟು ತಿಳಿಸಿ ಹೇಳಿದರೆ ಅವರು ಅರ್ಥ ಮಾಡಿಕೊಳ್ಳದವರಲ್ಲ. ಮೊಮ್ಮಗು ಅವರದ್ದೂ ಹೌದು.

ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮನೆ ಮೇಲಿನ ರೂಮು ಖಾಲಿ ಮಾಡಿಸಿದ್ದೇನೆ. ಜೂನ್ ಕೊನೆಗೇ ಬಂದುಬಿಡು, ಅಮ್ಮ ಜೊತೆಗಿರುತ್ತಾಳೆ. ಬಯಾಪ್ಸಿ ಫೈಲು ನನ್ನ ಹತ್ತಿರ ಇದೆ, ಶನಿವಾರ ತರುತ್ತೇನೆ. ಅತ್ತೆಯವರ ಹತ್ತಿರ ನೀನು ಹೇಳುತ್ತೀಯೋ, ನಾನೇ ಕೂತು ಮಾತಾಡಲೋ? ನನ್ನ ಮೇಲೆ ಸಿಟ್ಟಿದ್ದರೆ ಅಮ್ಮನಿಗಾದರೂ ಫೋನ್ ಮಾಡಿ ಹೇಳು.

ನಿನ್ನ
ಅಪ್ಪಯ್ಯ