ಮಾಳಿಗೆಯಿಂದ ಕೆಳಗಿಳಿಸಿದವರಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಮಾಳಿಗೆಯಲ್ಲಿದ್ದ ನಮ್ಮ ಜಿಮ್ಮು ಕಳೆದ ಭಾನುವಾರ ಕೆಳಗಿಳಿದಿದೆ. ಈಗ ನೆಲಮಟ್ಟದಲ್ಲೇ ದೊಡ್ಡ ಹಾಲ್, ಎದುರಿಗೆ ರಿಕ್ಷಾ ತಿರುಗಿಸುವಷ್ಟು ಅಂಗಳ, ಹೆಂಗಸರಿಗೆ ಬೇರೆ ಕೋಣೆ. ಗಣಹೋಮದ ಪ್ರಸಾದ ತಿನ್ನುತ್ತಾ ಒಬ್ಬರು ಕೇಳಿದರು: "ಮಾಷ್ಟ್ರೇ, ಇಷ್ಟು ಜನ ಹೇಗೆ ಸೇರಿದರು? ಮಾರ್ಕೆಟಿಂಗ್ ಯಾರದ್ದು?" ಆವತ್ತು ನಿಂತು ಮಾತಾಡಲು ಪುರುಸೊತ್ತಿರಲಿಲ್ಲ. ಈಗ ಹೇಳುತ್ತೇನೆ. ಹೆಸರು ಹಾಕಿದರೆ ಅವರಿಗೆಲ್ಲ ಮುಜುಗರ, ಹಾಗಾಗಿ ಅವರವರಿಗೆ ಗೊತ್ತಾಗುವಷ್ಟು ಮಾತ್ರ.

2019ರ ಕೊನೆಗೆ ಬಾಗಿಲು ತೆರೆದಾಗ ನಮ್ಮ ಬೋರ್ಡಿನಲ್ಲಿ ಇದ್ದದ್ದು ಎಲ್ಲ ಜಿಮ್ಮುಗಳ ಬೋರ್ಡಿನಲ್ಲೂ ಇರುವ ಮನುಷ್ಯ. ತೋಳು ಉಬ್ಬಿಸಿ ನಿಂತವನು, ಯಾವ ದೇಶದವನೋ ದೇವರಿಗೇ ಗೊತ್ತು. ಅವನನ್ನು ನೋಡಿ ಕಾಲೇಜು ಹುಡುಗರು ಬಂದರು. ನಾಲ್ಕು ತಿಂಗಳಾಗುವಷ್ಟರಲ್ಲಿ 2020ರ ಮಾರ್ಚ್. ದೇಶದಲ್ಲಿ ಮೊದಮೊದಲು ಕೊರೊನಾ ಜೋರಾದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೊರಟವರೂ ದಾಟಲಾಗದೆ ಉಳಿದ ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಜಿಮ್ಮಿನ ಕಷ್ಟ ಹೇಳಿಕೊಳ್ಳುವುದಕ್ಕೇ ನಾಚಿಕೆ. ಆದರೆ ಟ್ರೆಡ್‌ಮಿಲ್ಲಿನ ಸಾಲದ ಕಂತಿಗೆ ನಾಚಿಕೆ ಇಲ್ಲವಲ್ಲ, ಅದು ತಿಂಗಳು ತಿಂಗಳು ಬಂದೇ ಬರುತ್ತದೆ. ಆಗಸ್ಟ್ 5ರಿಂದ ಜಿಮ್ ತೆರೆಯಬಹುದೆಂದು ಕೇಂದ್ರ ಸರಕಾರ ಹೇಳಿದ ಮೇಲೂ ಮುಚ್ಚಿದ ಕೋಣೆಯೊಳಗೆ ಬಂದು ಏದುಸಿರು ಬಿಡಲು ಯಾರಿಗೆ ಧೈರ್ಯ? ಕೇಳದೆಯೇ ಬಾಡಿಗೆ ಅರ್ಧಕ್ಕಿಳಿಸಿದ ಆ ಕಟ್ಟಡದ ಯಜಮಾನರಿಗೆ ಮೊದಲ ನಮಸ್ಕಾರ. ಬೀಗ ಹಾಕಿದ ಜಿಮ್ಮಿಗೆ ಫೀಸು ಕಳಿಸಿ, "ಇರಲಿ ಮಾರಾಯ್ರೇ, ಮುಂದೆ ಯಾವಾಗಾದರೂ ಲೆಕ್ಕಕ್ಕೆ ಹಿಡಿಯಿರಿ" ಎಂದವರಿಗೆ ಎರಡನೆಯದು. ಅವರಲ್ಲಿ ಒಬ್ಬರು ಆಮೇಲೆ ಊರೇ ಬಿಟ್ಟು ಹೋದರು, ಲೆಕ್ಕ ಇನ್ನೂ ನನ್ನ ಪುಸ್ತಕದಲ್ಲಿದೆ.

ಇನ್ನು ನೀರ್ಚಾಲು ಕಡೆಯ ಅಮ್ಮ. ನಮ್ಮ ವ್ಯಾಪಾರಕ್ಕೆ ದಾರಿ ತೋರಿಸಿದ್ದೇ ಅವರು. ಜಿಮ್ಮು ಮತ್ತೆ ಶುರುವಾದ ಮೇಲೆ ಮಗಳು ಅವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಫಾರ್ಮ್ ತುಂಬಿಸುವಾಗ ಎಲ್ಲರಿಗೂ ಕೇಳುವ ಹಾಗೆ, "ತೂಕ ಎಷ್ಟು ಇಳಿಸಬೇಕು ಅಮ್ಮಾ?" ಅಂದೆ. "ತೂಕ ಅಲ್ಲೇ ಇರಲಿ. ಜಾತ್ರೆಗೆ ಹೋದರೆ ನನ್ನನ್ನು ಟೇಬಲಿಗೆ ಕೂರಿಸುತ್ತಾರೆ. ನನಗೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಕೂರಲಿಕ್ಕೆ ಹೇಗೋ ಆಗುತ್ತದೆ, ಏಳಲಿಕ್ಕೆ ಇಬ್ಬರು ಬೇಕು" ಎಂದರು.

ಡಾಕ್ಟರರ ಒಪ್ಪಿಗೆ ತರಿಸಿಕೊಂಡು ಶುರು ಮಾಡಿದೆವು. ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದು. ಅದು ಸಲೀಸಾದ ಮೇಲೆ ಸ್ಟೂಲು. ಸ್ಟೂಲಿಗಿಂತ ತಗ್ಗಿನದು ಜಿಮ್ಮಿನಲ್ಲಿ ಇರಲಿಲ್ಲ. ಮರುದಿನ ಅಮ್ಮನೇ ಮನೆಯಿಂದ ಹಲಸಿನ ಮರದ ಊಟದ ಮಣೆಗಳನ್ನು ತರಿಸಿದರು. ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರುವುದು, ಏಳುವುದು. ಕೆಲವು ವಾರಕ್ಕೊಮ್ಮೆ ಒಂದು ಮಣೆ ತೆಗೆಯುವುದು. ಕೊನೆಗೆ ಬರೀ ನೆಲ. ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಹಿಮ್ಮಡಿಯ ಮೇಲೆ ಭಾರ ಹಾಕಿ, ತೊಡೆಯ ಬಲದಲ್ಲಿ ಮೇಲೇಳುವುದು. ಹೊಸ ಮಷೀನು ಬಂದರೂ ಆ ಮಣೆಗಳನ್ನು ನಾನು ವಾಪಸು ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಬೇಗ ಎಂದು ಕೋರ್ಸಿನಲ್ಲಿ ಓದಿದ್ದೆ. ಅದನ್ನು ಜನರಿಗೆ ಹೇಗೆ ಹೇಳುವುದೆಂದು ಕಂಡದ್ದು ಆ ಅಮ್ಮ ಜಾತ್ರೆಯಲ್ಲಿ ಪಾಯಸ ಮುಗಿಸಿ, ಎಲೆ ಮಡಚಿ, ಯಾರ ಕೈಯೂ ಹಿಡಿಯದೆ ಎದ್ದ ದಿನ. ಪಕ್ಕದಲ್ಲಿ ಕೂತವರು ಕೇಳದೆ ಬಿಡುತ್ತಾರೆಯೇ? ಆ ವಾರವೇ ಅವರ ಓರಗೆಯವರು ನಾಲ್ಕೈದು ಮಂದಿ ನಮ್ಮ ಮೆಟ್ಟಿಲು ಹತ್ತಿದರು, ಬೈದುಕೊಂಡೇ.

ಮುಂದಿನ ಕರಪತ್ರದಲ್ಲಿ ತೋಳಿನವನನ್ನು ತೆಗೆದು ಹಾಕಿದೆವು. "ಪಂಕ್ತಿಯಲ್ಲಿ ಕೂತು ಉಂಡು, ಕೈಯೂರದೆ ಏಳಬೇಕೇ? ಬನ್ನಿ" ಎಂಬ ಒಂದೇ ಸಾಲು, ಕೆಳಗೆ ಫೋನ್ ನಂಬರು. ಅದನ್ನು ಟೈಪ್ ಮಾಡಿಕೊಟ್ಟ ಡಿಟಿಪಿ ಅಂಗಡಿಯ ಅಣ್ಣ ದುಡ್ಡು ತೆಗೆದುಕೊಳ್ಳುವ ಬದಲು ತನ್ನ ತಾಯಿಯನ್ನು ಸೇರಿಸಿದ. ಪೇಪರ್ ಹಾಕುವವರು ಬೆಳಗ್ಗಿನ ಕಟ್ಟಿನೊಳಗೆ ಅದನ್ನು ಪೆರ್ಲದವರೆಗೆ ತಲುಪಿಸಿದರು. ಇಬ್ಬರಿಗೂ ವಂದನೆ.

ಕೇರಳದ ಮಹಿಳಾ ಸ್ವಸಹಾಯ ಸಂಘ ಕುಟುಂಬಶ್ರೀಯ ಅಕ್ಕಂದಿರ ಋಣ ಬೇರೆಯೇ. ನೆರೆಕರೆಯವರು ಸೇರುವ ಭಾನುವಾರದ ಅಯಲ್‌ಕೂಟಕ್ಕೆ ಕರೆದು, "ಭಾಷಣ ಬೇಡ, ಏನಾದರೂ ಮಾಡಿ ತೋರಿಸಿ" ಎಂದರು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿದೆ. 60ರಿಂದ 64ರ ಪ್ರಾಯದ ಹೆಂಗಸರಿಗೆ ಅದು 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಅಜ್ಜಿಯಂದಿರಿಗಿಂತ ಸೊಸೆಯಂದಿರು ಕಡಿಮೆ ಮಾಡಿದ್ದು ಕಂಡು ಅಲ್ಲಿ ಎದ್ದ ನಗುವಿಗೆ ಯಾವ ಜಾಹೀರಾತೂ ಸಮ ಅಲ್ಲ. ಬರುತ್ತೇವೆ ಎಂದರು, ಆದರೆ ಬೆಳಗ್ಗೆ ಹಾಲಿನ ಡಿಪೋ, ಸಂಜೆ ಮಕ್ಕಳು. ಮಧ್ಯಾಹ್ನ ಎರಡೂವರೆ ಎಂದು ಸಮಯ ನಿಶ್ಚಯಿಸಿದ್ದು ಅವರೇ. ಜಿಮ್ಮಿನಲ್ಲಿ ಫ್ಯಾನು ಮಾತ್ರ ತಿರುಗುವ ಹೊತ್ತು ಅದು. ಈಗ ನಮ್ಮಲ್ಲಿ ಎಲ್ಲಕ್ಕಿಂತ ತುಂಬಿದ ಬ್ಯಾಚ್ ಅದೇ. ಫೋಟೋ ಹಾಕಬಾರದು ಎಂದು ಮೊದಲ ದಿನವೇ ಹೇಳಿದ್ದರು, ಈವರೆಗೆ ಒಂದೂ ಹಾಕಿಲ್ಲ. ಆ ಬ್ಯಾಚ್ ನಡೆಸುವುದು ನನ್ನ ಹೆಂಡತಿ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಮನೆಯಲ್ಲಿ ಬೈಗುಳ, ಆದ್ದರಿಂದ ಮುಂದೆ ಹೋಗುತ್ತೇನೆ.

ಕುಂಬಳೆಯ ಇಚ್ಚ, ಅಂದರೆ ಅಣ್ಣ, ಶಾರ್ಜಾದಿಂದ ರಜೆಯಲ್ಲಿ ಬಂದವರು. "ನನಗಿರುವುದು ಮೂವತ್ತು ದಿನ. ವರ್ಷದ ಪ್ಯಾಕೇಜು ತೋರಿಸಿ ಏನು ಮಾಡುತ್ತೀರಿ?" ಎಂದು ಕೇಳಿದ ಮೇಲೆಯೇ ನಮ್ಮಲ್ಲಿ ರಜೆಯವರಿಗೆ ಬೇರೆ ದರ ಬಂದದ್ದು. ರಂಜಾನಿನಲ್ಲಿ ತರಾವೀಹ್ ನಮಾಜು ಮುಗಿದ ಮೇಲೆ ರಾತ್ರಿ ಬಾಗಿಲು ತೆರೆಯಿರಿ ಎಂದವರೂ ಅವರೇ. ಶಾರ್ಜಾಕ್ಕೆ ತಿರುಗಿ ಹೋದ ಮೇಲೆ ರೂಮಿನವರನ್ನೆಲ್ಲ ಫೋನಿನ ವೀಡಿಯೋ ಕ್ಲಾಸಿಗೆ ಸೇರಿಸಿದರು. ಅಲ್ಲಿನ ಬೆಳಗ್ಗೆ 5 ಗಂಟೆ ಅಂದರೆ ನಮಗೆ 6.30, ಎರಡೂ ಕಡೆ ಸರಿ ಹೊಂದುತ್ತದೆ. ಅಡುಗೆಕೋಣೆಯಲ್ಲಿ ಕುಕ್ಕರಿಗೆ ಫೋನ್ ಒರಗಿಸಿಟ್ಟು, ಐದು ಲೀಟರಿನ ನೀರಿನ ಕ್ಯಾನು ಎರಡು ಕೈಯಲ್ಲಿ ಹಿಡಿದು, ಆರು ಮಂದಿ ಪಾಳಿ ಪ್ರಕಾರ ಸ್ಕ್ವಾಟ್ ಮಾಡುತ್ತಾರೆ. ನಡುವೆ ಯಾರೋ ಲುಂಗಿ ಎತ್ತಿ ಕಟ್ಟಿಕೊಂಡು ಚಹಾ ಇಡಲು ಬರುತ್ತಾರೆ, ಕ್ಲಾಸು ನಿಲ್ಲುತ್ತದೆ, ಚಹಾ ಆದ ಮೇಲೆ ಮತ್ತೆ ಶುರು. ಹಾಲ್‌ನ ಮುಂಗಡಕ್ಕೆ ಕಡಿಮೆ ಬಿದ್ದದ್ದನ್ನು ಆ ರೂಮಿನವರು ವರ್ಷದ ಫೀಸು ಒಟ್ಟಿಗೆ ಕಟ್ಟಿ ತುಂಬಿಸಿದರು. ಮೂವತ್ತೇ ದಿನ ಇರುವವರಿಂದ ಹೀಗೆ!

ಫೀಸಿನ ಮಾತು ಬಂತು. "ತಿಂಗಳು ತಿಂಗಳು ಪೀಡಿಸಬೇಡಿ, ಕ್ಯಾಂಪ್ಕೋಗೆ ಅಡಿಕೆ ಹಾಕಿದಾಗ ಒಮ್ಮೆಗೇ ಕೊಡುತ್ತೇವೆ" ಎಂದು, ಅಡಿಕೆ ಕೊಳ್ಳುವ ಆ ಸಹಕಾರಿ ಸಂಸ್ಥೆಯ ಲೆಕ್ಕ ಹೇಳಿದ ಮುಳ್ಳೇರಿಯಾದ ಮಾವ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ. ಜೂನ್ ಜುಲೈಯ ಮಳೆಗೆ ಅರ್ಧ ಜನ ಕಾಣೆಯಾಗುವಾಗ ಕರೆಂಟ್ ಬಿಲ್ಲು ಕಟ್ಟಿದ್ದು ಅಂಥ ದುಡ್ಡಿನಿಂದಲೇ. ಪಂಚಾಯತಿನ ಅರ್ಜಿಯನ್ನು ಮಲಯಾಳದಲ್ಲಿ ತುಂಬಿಸಿಕೊಟ್ಟ, ಸರಕಾರಿ ಅರ್ಜಿಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ತಂಗಿಗೆ, ಮಂಡಿನೋವಿನವರನ್ನು ಕಳಿಸುವಾಗ "ಇಷ್ಟು ಮಾಡಿಸಿ, ಇದು ಮಾಡಿಸಬೇಡಿ" ಎಂದು ಚೀಟಿ ಬರೆದುಕೊಡುವ ಫಿಸಿಯೋ ಅವರಿಗೆ, ಸ್ಟ್ಯಾಂಡಿನ ರಿಕ್ಷಾದವರಿಗೆ ಧನ್ಯವಾದ.

ಕೊನೆಗೆ ಗೂಗಲ್‌ನಲ್ಲಿ ರಿವ್ಯೂ ಬರೆದವರು. ಐದು ನಕ್ಷತ್ರ ಒತ್ತಿದವರಿಗೆ ಒಂದು ತಿಂಗಳ ಫೀಸು ಬಿಡಿ, ಸಾಲು ಸಾಲು ಬರುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ಹಾಗೆ ಆಸೆ ತೋರಿಸಿ ಬರೆಸುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ, ನನಗೂ ಮನಸ್ಸಾಗಲಿಲ್ಲ. ಆದ್ದರಿಂದ ಅಲ್ಲಿರುವುದೆಲ್ಲ ನಿಮ್ಮ ಸ್ವಂತ ಮಾತು, ಕನ್ನಡ, ಮಲಯಾಳ, ಕನ್ನಡ ಲಿಪಿಯ ತುಳು. ಹೊಸಬರು ಬಂದು ನನಗೆ ಓದಿ ಹೇಳುವುದು ಮಾತ್ರ ಮೂರು ನಕ್ಷತ್ರದ ಒಂದು ರಿವ್ಯೂ: "ಕಲಿಸುವುದು ಒಳ್ಳೆಯದಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ವ್ಯಾಯಾಮ ಮುಗಿಯುತ್ತದೆ. ಬೈಕ್ ಇಡಲು ಜಾಗ ಇಲ್ಲ." ಮುಂಗಡ ಕೊಡುವ ಮೊದಲು ನಾನು ಈ ಹಾಲ್‌ನಲ್ಲಿ ನೋಡಿದ್ದು ಅವರು ಬರೆದ ಆ ಎರಡನ್ನೇ. ಅವರು ಯಾರೆಂದು ಹೆಸರಿನಿಂದ ಗೊತ್ತಾಗುವುದಿಲ್ಲ. ಇದನ್ನು ಓದಿದರೆ ಒಮ್ಮೆ ಬನ್ನಿ, ಈಗ ಮೆಟ್ಟಿಲಿಲ್ಲ, ಬೈಕಿಗೆ ಜಾಗವಿದೆ. ನಕ್ಷತ್ರ ಏರಿಸುವುದೋ ಬಿಡುವುದೋ ನಿಮ್ಮಿಷ್ಟ.